ಪದಚರ್ಚೆ: ಪಿಸ್ತೂಲ್ ಪಂದ್ಯದ ‘ಸ್ಟೇಜ್’, ‘ಸೇಫ್ಟಿ ಏರಿಯಾ’, ‘ನೋ-ಶೂಟ್’ – ಗುರುವಾರದೊಳಗೆ ಬೇಕು

ರೇ. ಮ., ಬಾಗಲಕೋಟೆ:

ಎಲ್ಲರಿಗೂ ಶರಣು. ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್ ಪಂದ್ಯಕ್ಕೆ ಮೊದಲ ಸಲ ಇಳಿಯುವವರಿಗಾಗಿ ಬರೆದ ಎಂಟು ಪುಟದ ಕೈಪಿಡಿಯೊಂದು ಕನ್ನಡಕ್ಕೆ ಬರಬೇಕಾಗಿದೆ. ಐಪಿಎಸ್‌ಸಿ (ಈ ಆಟದ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದ ಪ್ರಕಾರ ಹೊರದೇಶದ ಕ್ಲಬ್‌ಗಳಲ್ಲಿ ನಡೆಯುವ ಪಂದ್ಯಗಳ ಬಗ್ಗೆ. ಚಿತ್ರದಲ್ಲಿರುವ ಮೂರು ಬೋರ್ಡುಗಳ ಬರಹವೂ ಕನ್ನಡದಲ್ಲಿರಬೇಕು. ಗುರುವಾರ ಪ್ರೆಸ್ಸಿಗೆ ಹೋಗುತ್ತದೆ. ಇದು ಒಲಿಂಪಿಕ್ಸ್‌ನಲ್ಲಿ ಕಾಣುವಂತೆ ನಿಂತಲ್ಲೇ ನಿಂತು ಹೊಡೆಯುವ ಆಟವಲ್ಲ. ಓಡುತ್ತ, ಮರೆಯಿಂದ ಬಗ್ಗಿ, ನಡುವೆ ಮ್ಯಾಗಜಿನ್ ಬದಲಿಸುತ್ತ ಹೊಡೆಯುವುದು.

‘ಸ್ಟೇಜ್’ಗೆ, ಅಂದರೆ ಒಂದು ಸಲಕ್ಕೆ ಹೊಡೆದು ಮುಗಿಸುವ ಗುರಿಗಳ ಒಂದು ಜೋಡಣೆಗೆ, ‘ಹಂತ’ ಹಾಕಿದ್ದೇನೆ, ‘ಸೇಫ್ಟಿ ಏರಿಯಾ’ಕ್ಕೆ ‘ಸುರಕ್ಷಿತ ಪ್ರದೇಶ’. ‘ಲೋಡ್’ಗೆ ‘ಬಾರು ಮಾಡು’ ನಡೆದೀತೇ? ‘ನೋ-ಶೂಟ್’ಗೆ ಏನೂ ಹೊಳೆದಿಲ್ಲ. ‘ಹಿಟ್ ಫ್ಯಾಕ್ಟರ್’ಗೆ ಯಂತ್ರ ಕೊಟ್ಟದ್ದು ‘ಹೊಡೆತದ ಅಂಶ’. ಅದನ್ನು ಇಲ್ಲಿ ಬರೆಯಲಿಕ್ಕೂ ನಾಚಿಕೆ. ನಮ್ಮಲ್ಲಿ 9 ಎಂಎಂ ನಿಷಿದ್ಧ ಬೋರ್ ಎಂಬ ಟಿಪ್ಪಣಿ ಬೇರೆ ಇದೆ, ಲೈಸೆನ್ಸಿನ ಚರ್ಚೆ ದಯವಿಟ್ಟು ಬೇಡ.

ಬ. ದೇ., ಬೆಳಗಾವಿ:

ಅಕ್ಕಾರ, ‘ಹಂತ’ ಮೊದಲು ತೆಗೀರಿ. ಹಂತ ಅಂದ್ರ ಒಂದು ದಾಟಿದ ಮ್ಯಾಲೆ ಇನ್ನೊಂದು. ಸೈಕಲ್ ರೇಸಿಗೆ ಆ ಪದ ಸರಿ. ಇಲ್ಲಿ ಆರು ಸ್ಟೇಜ್ ಇದ್ರ ಆರು ತಂಡ ಮಾಡಿ, ಒಂದನೇ ತಂಡ ಒಂದರಿಂದ, ನಾಲ್ಕನೇದು ನಾಲ್ಕರಿಂದ ಶುರು ಮಾಡತೈತಿ. ಸುತ್ತಿ ಬಂದು ಎಲ್ಲಾರೂ ಎಲ್ಲಾನೂ ಹೊಡೀತಾರ. ಡಿಸ್‌ಕ್ವಾಲಿಫೈ ಆದವನ್ನ ಬಿಟ್ಟರ ನಡುವ ಯಾರೂ ಹೊರಗ ಬೀಳೂದಿಲ್ಲ. ‘ಹಂತ 4’ ಅಂತ ಬೋರ್ಡ್ ಓದಿದ ಹೊಸಬ, ಹಿಂದಿನ ಮೂರು ಎಲ್ಲಿ ತಪ್ಪಿದವು ಅಂತ ಹುಡುಕತಾನ.

ನನ್ನ ಸಲಹೆ ‘ಅಂಕಣ’. ಮೂರೂ ಕಡೆ ಮಣ್ಣಿನ ದಿಬ್ಬ ಏರಿಸಿದ ಜಾಗಕ್ಕ ಅವರು ‘ಬೇ’ ಅಂತಾರ, ಒಂದು ಬೇ ಒಳಗ ಸಾಮಾನ್ಯವಾಗಿ ಒಂದು ಸ್ಟೇಜ್. ಹನ್ನೆರಡಂಕಣದ ಮನಿ ಅನ್ನೋ ನಮಗ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

‘ಸುರಕ್ಷಿತ ಪ್ರದೇಶ’ ಅಂತೂ ಅಪಾಯದ ಅನುವಾದ. ಓದಿದವ ಏನು ತಿಳೀತಾನ? ಇಲ್ಲಿ ಕುಂತು ನೀರು ಕುಡೀಬಹುದು, ಮ್ಯಾಗಜಿನ್ ತುಂಬಬಹುದು ಅಂತ. ಖರೇ ಸಂಗತಿ ಉಲ್ಟಾ. ಪಂದ್ಯದ ಮೈದಾನದಾಗ ರೇಂಜ್ ಆಫೀಸರ್ (ಹೊಡೆಯೋರ ಮ್ಯಾಲೆ ನಿಗಾ ಇಡೋ ಅಧಿಕಾರಿ) ಹೇಳದ ಹೊರತು ಪಿಸ್ತೂಲಿಗೆ ಕೈ ಹಚ್ಚೂಹಂಗಿಲ್ಲ. ಚೀಲದಿಂದ ತೆಗೆದು ಹೋಲ್‌ಸ್ಟರ್‌ಗೆ ಇಡಬೇಕಂದ್ರ, ಸ್ಪ್ರಿಂಗ್ ನೋಡಬೇಕಂದ್ರ, ಖಾಲಿ ಪಿಸ್ತೂಲು ಎಳೆಯೋ ರೂಢಿ ಮಾಡಬೇಕಂದ್ರ ಈ ಒಂದು ಜಾಗಕ್ಕ ಬರಬೇಕು, ಪಿಸ್ತೂಲಿನ ಬಾಯಿ ದಿಬ್ಬದ ಕಡೆ ಇರಬೇಕು. ಗುಂಡು ಮಾತ್ರ ಅಲ್ಲಿ ಮುಟ್ಟೂಹಂಗಿಲ್ಲ, ಡಮ್ಮಿ ಗುಂಡೂ ಇಲ್ಲ. ಮುಟ್ಟಿದ್ರ ಅವತ್ತಿನ ಪಂದ್ಯ ಮುಗೀತು, ಎಚ್ಚರಿಕೆ ಕೊಟ್ಟು ಬಿಡೋ ಪದ್ಧತಿ ಇಲ್ಲ. ಹೆಸರು ಏನರ ಇಟ್ಕೊಳ್ರಿ, ಬೋರ್ಡಿನ ಮ್ಯಾಲೆ ‘ಖಾಲಿ ಪಿಸ್ತೂಲು ಮಾತ್ರ. ಗುಂಡು ಮುಟ್ಟಬೇಡಿ’ ಅಂತ ದೊಡ್ಡದಾಗಿ ಬರಲಿ.

ಅ. ಕು., ವಿಜಯಪುರ:

‘ಅಂಕಣ’ ಬೇಡ. ಅದು ಸಂಸ್ಕೃತದ ಅಂಗಣದ ಮಗ್ಗುಲಲ್ಲೇ ಹುಟ್ಟಿದ್ದು, ಮೇಲಾಗಿ ಪತ್ರಿಕೆಯವರ ಸೊತ್ತಾಗಿ ಹೋಗಿದೆ. ಬದು ಹಾಕಿದ ಜಾಗಕ್ಕೆ ಹೊಲದವರ ಮಾತು ‘ಮಡಿ’. ಒಂದನೇ ಮಡಿ, ಎರಡನೇ ಮಡಿ. ‘ಪಿಸ್ತೂಲು’ ಬದಲು ‘ಕೈಕೋವಿ’. ಕೋವಿ ಅಂದರೆ ಕೊಳವೆ, ನಮ್ಮದೇ ಬೇರು. ‘ಖಾಲಿ’ ಬದಲು ‘ಬರಿದು’. ‘ನೋ-ಶೂಟ್’ ಕಷ್ಟವೇ ಅಲ್ಲ: ಬಿಡಬೇಕಾದ ಗುರಿ, ‘ಬಿಡುಗುರಿ’. ತಾಯಿನುಡಿಯ ಬೇರಿದ್ದಾಗ ಸಾಲಕ್ಕೆ ಕೈಚಾಚುವುದು ಸೋಮಾರಿತನ.

ಗು. ಶಿ., ಜಮಖಂಡಿ:

ಪಿಸ್ತೂಲು ಹಿಡಿದು ಬಂದವರಿಗೆ ‘ನಾಲ್ಕನೇ ಮಡಿ’ ಅಂತ ಬೋರ್ಡೇ? ಅವನು ಸ್ನಾನ ಮಾಡಿ ಬರಬೇಕೋ, ಸಾಯಬೇಕೋ?

‘ಬಿಡುಗುರಿ’ ಇನ್ನೂ ಚಂದ. ಬಾಣ ಬಿಡು, ಗುಂಡು ಬಿಡು ಅನ್ನುವ ಭಾಷೆಯಲ್ಲಿ ಬಿಡುಗುರಿ ಎಂದರೆ ಗುಂಡು ಬಿಡಬೇಕಾದ ಗುರಿ. ಹೇಳಬೇಕಾದ್ದಕ್ಕೆ ನೇರ ವಿರುದ್ಧ. ವಿಷಯ ಮುಗಿಯಿತು.

ಬ. ದೇ., ಬೆಳಗಾವಿ:

ಮಾಸ್ತರ್ರು ಸರಿಯಾಗಿ ಹೇಳಿದ್ರು. ನೋ-ಶೂಟ್ ಅಂದ್ರ ದಾರಿಹೋಕ ಇದ್ದಂಗ. ಹೊಡೀಬೇಕಾದ ಫಲಕದ ಮುಂದ ಅಡ್ಡ ನಿಲ್ಲಿಸಿರತಾರ, ಬಣ್ಣ ಬ್ಯಾರೆ ಇರತೈತಿ. ತಾಗಿದ ಒಂದೊಂದು ಗುಂಡಿಗೆ 10 ಅಂಕ ಕಡಿತ. ಅವಸರದಾಗ ಓದಿದ್ರೂ ತಿಳಿಯೂಹಂಗ ‘ಹೊಡೆಯಬಾರದ ಫಲಕ’ ಸಾಕು. ಟಾರ್ಗೆಟ್‌ಗೆ ಎಲ್ಲಾ ಕಡೆ ‘ಫಲಕ’ ಇರಲಿ ಅಕ್ಕಾರ. ‘ಗುರಿ’ ಅಂದ್ರ ನಾವು ಹಿಡಿಯೋದೂ ಹೌದು, ಹೊಡಿಯೋದೂ ಹೌದು. ‘ಗುರಿಗೆ ಗುರಿ ಇಡಿ’ ಅಂತ ಸಾಲು ಬಂದ್ರ ಎಡವಟ್ಟು.

‘ಬಾರು ಮಾಡು’ ಬ್ಯಾಡ್ರಿ. ದಕ್ಷಿಣದ ಪುಸ್ತಕದಾಗ ಲೋಡ್ ಮಾಡೂದಕ್ಕ ಬರತೈತಿ, ನಮ್ಮ ಕಡೆ ಬಾರ ಹಾರಿಸೂದು ಅಂದ್ರ ಫೈರ್ ಮಾಡೂದು. ಸುರಕ್ಷತೆಯ ಪುಟದಾಗ ಎರಡಕ್ಕೂ ಒಂದೇ ಪದ ಇರಬಾರದು. ಹಂಗಂತ ‘ಗುಂಡು ಹಾಕಿ’ ಅಂತಾನೂ ಬರೀಬ್ಯಾಡ್ರಿ, ಸಂಜಿಗೆ ಧಾಬಾಕ್ಕ ಹೋಗೋ ಮಾತು ಅದು. ‘ಲೋಡ್ ಮಾಡಿ’ ಎಲ್ಲಾರಿಗೂ ತಿಳೀತೈತಿ.

ಆಜ್ಞೆಗಳನ್ನಂತೂ ಅನುವಾದ ಮಾಡಲೇಬ್ಯಾಡ್ರಿ. ರೇಂಜ್ ಆಫೀಸರ್ ಕೂಗೂದು ಇಂಗ್ಲಿಷಿನ್ಯಾಗ, ಕೇಳವ ಕಿವಿಗೆ ಮಫ್ ಹಾಕ್ಕೊಂಡಿರತಾನ. ಕನ್ನಡ ಲಿಪಿಯಾಗ ಹಂಗೇ ಬರೆದು, ಕೆಳಗ ಏನು ಮಾಡಬೇಕು ಅಂತ ಹೇಳ್ರಿ. ‘ಲೋಡ್ ಆ್ಯಂಡ್ ಮೇಕ್ ರೆಡಿ’: ಫಲಕದ ಕಡೆ ಮುಖ ಮಾಡಿ ಮ್ಯಾಗಜಿನ್ ಹಾಕಿ, ಸ್ಟೇಜ್ ಬರಹದಾಗ ಹೇಳಿದ ಸ್ಥಿತಿಗೆ ಪಿಸ್ತೂಲು ತಂದು ನಿಲ್ಲೂದು. ‘ಆರ್ ಯೂ ರೆಡಿ’: ತಯಾರಿಲ್ಲಂದ್ರ ‘ನಾಟ್ ರೆಡಿ’ ಅನ್ನಬೇಕು, ಸುಮ್ಮನಿದ್ರ ತಯಾರು ಅಂತ ಲೆಕ್ಕ. ‘ಸ್ಟ್ಯಾಂಡ್ ಬೈ’ ಆದ 1ರಿಂದ 4 ಸೆಕೆಂಡಿನೊಳಗ ಟೈಮರ್ ಬೀಪ್. ಮುಗಿದ ಮ್ಯಾಲೆ ‘ಇಫ್ ಯೂ ಆರ್ ಫಿನಿಶ್ಡ್, ಅನ್‌ಲೋಡ್ ಆ್ಯಂಡ್ ಶೋ ಕ್ಲಿಯರ್’: ಮೊದಲು ಮ್ಯಾಗಜಿನ್ ತೆಗೀಬೇಕು, ಆಮ್ಯಾಲೆ ಸ್ಲೈಡ್ (ಪಿಸ್ತೂಲಿನ ಮ್ಯಾಲಿನ ಜಾರೋ ಭಾಗ) ಎಳೆದು ಹಿಡಿದು, ಗುಂಡು ಕೂಡೋ ಒಳಮನಿ ತೋರಿಸಬೇಕು. ಹೊಸಬರು ಎಡವೂದು ಇಲ್ಲೇ. ಮ್ಯಾಗಜಿನ್ ತೆಗೀದೇ ಸ್ಲೈಡ್ ಮೊದಲು ಎಳೀತಾರ. ಒಂದು ಗುಂಡು ಹೊರಗ ಬೀಳತೈತಿ, ಸ್ಲೈಡ್ ಬಿಟ್ಟ ಕೂಡಲೆ ಮ್ಯಾಗಜಿನ್‌ನಿಂದ ಇನ್ನೊಂದು ಒಳಗ ಹೋಗಿ ಕುಂಡರತೈತಿ. ಅದರ ಹಿಂದ ಬರೂದು ‘ಇಫ್ ಕ್ಲಿಯರ್, ಹ್ಯಾಮರ್ ಡೌನ್, ಹೋಲ್‌ಸ್ಟರ್’, ಅಂದ್ರ ಟ್ರಿಗರ್ ಒತ್ತಬೇಕು. ಒಳಗಿನ ಗುಂಡು ಢಂ ಅಂದ್ರ ಅವ ಪಂದ್ಯದಿಂದ ಔಟ್. ‘ಬರಿದು ಮಾಡಿ’ ಅನ್ನೋ ಒಂದು ಮಾತಿನ್ಯಾಗ ಈ ಕ್ರಮ ಎಲ್ಲೈತಿ? ಎರಡು ವಾಕ್ಯ ಬೇಕು, ಬರೀರಿ.

ಅ. ಕು., ವಿಜಯಪುರ:

ಎಲ್ಲವನ್ನೂ ಇಂಗ್ಲಿಷಿನಲ್ಲೇ ಇಡುವುದಾದರೆ ಅನುವಾದ ಯಾಕೆ ಬೇಕಿತ್ತು? ಹಿಟ್ ಫ್ಯಾಕ್ಟರನ್ನಾದರೂ ಕನ್ನಡಕ್ಕೆ ತರಲು ಬಿಡುವಿರೋ?

ಬ. ದೇ., ಬೆಳಗಾವಿ:

ತರ್ರಿ, ಆದರ ಲೆಕ್ಕ ಗೊತ್ತಿರಲಿ. ಹಿಟ್ ಫ್ಯಾಕ್ಟರ್ ಅಂದ್ರ ಬಂದ ಅಂಕ ಭಾಗಿಸು ತಗೊಂಡ ಸೆಕೆಂಡ್. ಒಂದು ಸ್ಟೇಜ್‌ನ್ಯಾಗ 12 ಕಾಗದದ ಫಲಕ, ಒಂದೊಂದಕ್ಕ ಎರಡು ಗುಂಡು, ಒಟ್ಟು 24. ಮೈನರ್ (ಕಡಿಮೆ ಶಕ್ತಿಯ ಗುಂಡಿನ) ಲೆಕ್ಕದಾಗ ನಡುವಿನ ‘ಎ’ ವಲಯಕ್ಕ 5, ‘ಸಿ’ಗೆ 3, ‘ಡಿ’ಗೆ 1. ಒಬ್ಬ 24ನ್ನೂ ‘ಎ’ದಾಗ ಹೊಡೆದು 30 ಸೆಕೆಂಡ್ ತಗೊಂಡ. 120 ಭಾಗಿಸು 30, ಅಂದ್ರ 4. ಇನ್ನೊಬ್ಬ 18 ‘ಎ’, 6 ‘ಸಿ’, 24 ಸೆಕೆಂಡ್. 108 ಭಾಗಿಸು 24, ಅಂದ್ರ 4.5. ಎರಡನೇದವ ಗೆದ್ದ, ಸ್ಟೇಜಿನ ಪೂರ್ತಿ 120 ಅವಗ, ಮೊದಲನೇದವಗ ಅದರ 4.5ರಾಗ 4 ಪಾಲು, 106.67. ಆದರ ಇದೇ ಎರಡನೇದವನ ‘ಎ’ಗಳಾಗ ಒಂದು ಪೂರ್ತಿ ತಪ್ಪಿದ್ದರ ಆ 5 ಹೋಗಿ, ಮ್ಯಾಲೆ 10 ಕಡಿತ. 93 ಭಾಗಿಸು 24, 3.875ಕ್ಕ ಇಳೀತಾನ, ಸೋಲತಾನ. ಆಟದ ಜೀವ ಇರೂದು ಈ ಭಾಗಾಕಾರದಾಗ.

ಗು. ಶಿ., ಜಮಖಂಡಿ:

ಹಾಗಾದರೆ ‘ಅಂಕದರ’. ಸೆಕೆಂಡಿಗೆ ಎಷ್ಟು ಅಂಕ ಅನ್ನುವುದೇ ಅರ್ಥ. ಫ್ಯಾಕ್ಟರ್ ಎಂದೊಡನೆ ‘ಅಂಶ’ ಅನ್ನುವುದು ಕೋಶ ನೋಡಿ ಮಾಡುವ ಅನುವಾದದ ರೋಗ.

ಅ. ಕು., ವಿಜಯಪುರ:

ಅಂಕ, ದರ ಎರಡೂ ಎರವಲು! ‘ಎಣಿಕೆಯೋಟ’ ಅನ್ನಬಹುದಿತ್ತು.

ಗು. ಶಿ., ಜಮಖಂಡಿ:

ಅನ್ನಬಹುದು, ನೀವೊಬ್ಬರೇ. ಖಾಲಿ, ತಯಾರು, ಮೈದಾನ, ಬಂದೂಕು: ಅರಬಿಯಿಂದಲೋ ಫಾರಸಿಯಿಂದಲೋ ಬಂದು ಈ ಸೀಮೆಯ ಬಾಯಲ್ಲಿ ಕುಳಿತು ಎಷ್ಟೋ ತಲೆಮಾರು ಕಳೆದಿವೆ. ನಿಮ್ಮೂರ ಬುರುಜಿನ ಮೇಲಿರುವ ಮುಲುಕ್ ಮೈದಾನ್ ತೋಪನ್ನು ‘ಬಯಲೊಡೆಯ ಹೆಗ್ಗೋವಿ’ ಅಂತ ಕರೆಯುವವರು ಗಾಂಧಿ ಚೌಕದಲ್ಲಿ ಒಬ್ಬರು ಸಿಕ್ಕರೆ ತಿಳಿಸಿ.

ಅ. ಕು., ವಿಜಯಪುರ:

ಅಪಹಾಸ್ಯ ವಾದವಲ್ಲ. ‘ಜೀವಂತ ಗುಂಡು ವಶ’ ಅಂತ ಪತ್ರಿಕೆಗಳು ಬರೆಯುವುದನ್ನು ಯಾರೂ ಕೇಳುವುದಿಲ್ಲ. ಗುಂಡಿಗೆ ಜೀವ ಬಂದದ್ದು ಎಂದು?

ರೇ. ಮ., ಬಾಗಲಕೋಟೆ:

ಈ ಒಂದು ಮಾತು ನಿಮ್ಮದು ಸರಿ ಅಣ್ಣಾರ, ಅದನ್ನು ತೆಗೆದಿದ್ದೇನೆ. ಆದರೆ ‘ಗುಂಡು’ ಇನ್ನೊಂದು ಕಡೆ ಕೈಕೊಡುತ್ತಿದೆ. ಪವರ್ ಫ್ಯಾಕ್ಟರ್ (ಗುಂಡಿನ ಶಕ್ತಿಯ ಅಳತೆ) ಎಂಬಲ್ಲಿ ‘ಗುಂಡಿನ ತೂಕ’ ಬರುತ್ತದೆ. ಯಾವ ತೂಕ, ಇಡೀ ಕಾರ್ಟ್ರಿಜ್‌ನದೇ?

ಬ. ದೇ., ಬೆಳಗಾವಿ:

ಅಲ್ಲ. ಹಾರಿ ಹೋಗೋ ಸೀಸದ ತುದಿ ಅಷ್ಟೇ. ಅದರ ತೂಕ ಗ್ರೇನ್ ಅನ್ನೋ ಸಣ್ಣ ಮಾಪನದಾಗ, ವೇಗ ಸೆಕೆಂಡಿಗೆ ಎಷ್ಟು ಅಡಿ ಅಂತ. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಬೇಕು. 124 ಗ್ರೇನ್, 1050 ಅಡಿ, ಬಂದದ್ದು 130.2. ಮೈನರ್‌ಗೆ ಕನಿಷ್ಠ 125, ಹಿಂಗಾಗಿ ಪಾಸು. ಅದೇ ಗುಂಡು ಸೆಕೆಂಡಿಗೆ ಸಾವಿರ ಅಡಿ ಹೋದ್ರ 124, ನಾಪಾಸು: ಹೊಡಿಯಾಕ ಬಿಡತಾರ, ಅಂಕ ಕೊಡೂದಿಲ್ಲ. ತೂಗಾಕ ಕಾರ್ಟ್ರಿಜ್ ಬಿಚ್ಚಿ ತುದಿ ಹೊರಗ ತೆಗೀತಾರ. ಹಿಂಗಾಗಿ ಇಡೀದಕ್ಕ ‘ತೋಟಾ’, ತುದಿಗೆ ‘ಗುಂಡು’ ಅಂತ ಮೊದಲ ಪುಟದಾಗೇ ಬೇರೆ ಮಾಡಿಬಿಡ್ರಿ. ಸೇಫ್ಟಿ ಏರಿಯಾ ಬೋರ್ಡಿನ್ಯಾಗೂ ‘ತೋಟಾ ಮುಟ್ಟಬೇಡಿ’ ಅಂತ ತಿದ್ದಬೇಕಾದೀತು.

ಇನ್ನೊಂದು. ಉಕ್ಕಿನ ಫಲಕ ಇದ್ದಲ್ಲಿ 7 ಮೀಟರಿಗಿಂತ ಹತ್ತರ ಹೋಗಿ ಹೊಡೀಬಾರದು, ಸೀಸದ ಚೂರು ತಿರುಗಿ ಬರತಾವ. ನಿಂತು ನೋಡೋರಿಗೂ ಕನ್ನಡಕ ಕಡ್ಡಾಯ. ಕೈಪಿಡಿಯಾಗ ‘ಸ್ಪರ್ಧಿಗಳು ಕನ್ನಡಕ ಧರಿಸಬೇಕು’ ಅಂತ ಇದ್ರ ‘ಎಲ್ಲರೂ’ ಮಾಡ್ರಿ.

ರೇ. ಮ., ಬಾಗಲಕೋಟೆ:

ಅಂಕಣ, ಹೊಡೆಯಬಾರದ ಫಲಕ, ಅಂಕದರ, ತೋಟಾ ಎಂದು ಇಟ್ಟು ಕಳಿಸಿದ್ದೇನೆ. ಆಜ್ಞೆಗಳು ಕನ್ನಡ ಲಿಪಿಯಲ್ಲಿ, ಕೆಳಗೆ ವಿವರಣೆ. ಸೇಫ್ಟಿ ಏರಿಯಾ ಹಾಗೆಯೇ ಉಳಿಯಿತು, ಬೋರ್ಡಿನಲ್ಲಿ ಎರಡು ಸಾಲು ಸೇರಿತು. ಪ್ರೂಫ್ ಲಗತ್ತಿಸಿದ್ದೇನೆ.

ಅ. ಕು., ವಿಜಯಪುರ:

‘ಸ್ಪರ್ಧಿ’ ಬದಲು ‘ಪೈಪೋಟಿಗ’ ಯಾಕಿಲ್ಲ?

ಗು. ಶಿ., ಜಮಖಂಡಿ:

ಐದನೇ ಪುಟ, ಬೋರ್ಡಿನ ಚಿತ್ರ: ‘ತೋಟಾ’ದ ದೀರ್ಘ ಬಿಟ್ಟುಹೋಗಿದೆ. ‘ತೋಟ ಮುಟ್ಟಬೇಡಿ’ ಅಂತಿದೆ. ಪ್ರೆಸ್ಸಿನವರಿಗೆ ಈಗಲೇ ಫೋನ್ ಮಾಡಿ.