ಅಪ್‌ಡೇಟ್: ವಿಲಿಯಮ್ಸ್ ಸಿಂಡ್ರೋಮ್ ಇರುವ ತಮ್ಮನ ಬಿಪಿ ವಿಷಯ

ಹೋದ ತಿಂಗಳು ಕೇಳಿದ್ದೆ: ತಮ್ಮನಿಗೆ 31 ವರ್ಷ, ವಿಲಿಯಮ್ಸ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ಜೀನ್ ತೊಂದರೆ) ಇದೆ, ಬಿಪಿ 160/100 ಬರ್ತಿದೆ, ಮನೆ ಹತ್ತಿರದ ಡಾಕ್ಟರ್ ಸುಮ್ನೆ ಟೆನ್ಷನ್ ಅಂದರು, ಏನು ಮಾಡಲಿ ಅಂತ. ಹಾರ್ಟ್ ಡಾಕ್ಟರಿಗೆ ತೋರಿಸಿ, ಎರಡೂ ಕೈಯಲ್ಲಿ ಬಿಪಿ ನೋಡಿಸಿ ಅಂದವರಿಗೆ ಥ್ಯಾಂಕ್ಸ್.

ಬನಶಂಕರಿಯಿಂದ ಆಟೋದಲ್ಲಿ ಹೋದೆವು. ಇಳಿಯುವಷ್ಟರಲ್ಲಿ ಡ್ರೈವರ್ ಮಕ್ಕಳು ಯಾವ ಕ್ಲಾಸು ಅಂತೆಲ್ಲ ಇವನಿಗೆ ಗೊತ್ತು! ಆದರೆ ಬಿಪಿ ಮೆಷಿನ್ ಗುಂಯ್ ಅಂದದ್ದೇ ಕಿವಿ ಮುಚ್ಚಿಕೊಂಡ. ಮನೆಯಲ್ಲಿ ಕುಕ್ಕರ್ ಸೀಟಿಗೂ ಹೀಗೇ. ಕೊನೆಗೆ ಸಿಸ್ಟರ್ ಕೈಯಲ್ಲಿ ಒತ್ತುವ ಪಂಪ್ ತಂದರು.

ಡಾಕ್ಟರ್ ಬಿಡಿಸಿ ಹೇಳಿದರು. 7ನೇ ಕ್ರೋಮೋಸೋಮಿನ ಒಂದು ಚೂರು ಈ ಸಿಂಡ್ರೋಮ್ ಇರುವವರಲ್ಲಿ ಇರುವುದಿಲ್ಲ. ಎಲಾಸ್ಟಿನ್ ಜೀನ್ ಇರುವುದು ಅದರಲ್ಲೇ. ರಕ್ತನಾಳ ರಬ್ಬರಿನ ಹಾಗೆ ಹಿಗ್ಗಲು ಎಲಾಸ್ಟಿನ್ ಬೇಕು. ಕಮ್ಮಿಯಾದರೆ ನಾಳ ಗಟ್ಟಿಯಾಗಿ ಕಿರಿದಾಗಬಹುದು, ಹೃದಯದ ಹತ್ತಿರವೂ, ಕಿಡ್ನಿಗೆ ಹೋಗುವಲ್ಲೂ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹಳೆಯ ಸ್ವಲ್ಪ ಕಿರಿದಾದ ಜಾಗ ಬಿಟ್ಟರೆ ಹೊಸದೇನಿಲ್ಲ. ಡಾಪ್ಲರ್‌ನಲ್ಲಿ (ರಕ್ತದ ಹರಿವು ನೋಡುವ ಸ್ಕ್ಯಾನ್) ಎಡ ಕಿಡ್ನಿಯ ನಾಳ ತುಸು ಕಿರಿದಾಗಿದೆ. ಸದ್ಯಕ್ಕೆ ಮಾತ್ರೆ. ಈಗ 134/86.

ನಾವು ಯೋಚಿಸಿಯೇ ಇರದಿದ್ದದ್ದು ಶುಗರ್. ಖಾಲಿ ಹೊಟ್ಟೆಯಲ್ಲಿ 92, ಚೆನ್ನಾಗೇ ಇತ್ತು. ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡಿದರೆ 168, ಇರಬೇಕಾದ್ದಕ್ಕಿಂತ ಹೆಚ್ಚು. ಈ ಸಿಂಡ್ರೋಮ್ ಇರುವವರಲ್ಲಿ ದೊಡ್ಡವರಾದ ಮೇಲೆ ಶುಗರ್ ತೊಂದರೆ ಸಾಮಾನ್ಯವಂತೆ. ಅಮ್ಮ ಅವತ್ತೇ ಮೈಸೂರು ಪಾಕ್ ಡಬ್ಬಿ ಅಟ್ಟಕ್ಕೆ ಹಾಕಿದರು. ಅವನು ಇನ್ನೂ ಮುನಿಸಿಕೊಂಡಿದ್ದಾನೆ.

ಕಿವಿ ಟೆಸ್ಟ್ ಬಾಕಿ. ಹಲ್ಲು ಕೀಳಿಸುವುದೂ ಇದೆ. ಅರಿವಳಿಕೆ ಕೊಡುವ ಮೊದಲು ಈ ಸಿಂಡ್ರೋಮ್ ಬಗ್ಗೆ ಹೇಳಲೇಬೇಕಂತೆ, ಹೃದಯಕ್ಕೆ ಅಪಾಯ ಇರುತ್ತದೆ. ಎಕೋ ರಿಪೋರ್ಟ್ ಈಗಲೇ ಬ್ಯಾಗಿಗೆ ಹಾಕಿಟ್ಟಿದ್ದೇನೆ.