ಅಪ್‌ಡೇಟ್: ಮಗನ ಕಫ, ಕೆಮ್ಮು ಮತ್ತು ಬೈಪ್ಯಾಪ್

ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ (ಸ್ನಾಯುಗಳು ಬರಬರುತ್ತಾ ಬಲ ಕಳೆದುಕೊಳ್ಳುವ ಕಾಯಿಲೆ), ನೆಗಡಿಯಾದರೆ ಕಫ ಕೆಮ್ಮಿ ತೆಗೆಯಲು ಆಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಶ್ವಾಸಕೋಶದ ಡಾಕ್ಟರಿಗೆ ತೋರಿಸಿದೆವು. ಗಾಳಿ ಎಷ್ಟು ರಭಸವಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್‌ಗೆ ಕೆಮ್ಮಿಸಿ ನೋಡಿದರು. ನಿಮಿಷಕ್ಕೆ 270 ಲೀಟರ್‌ಗಿಂತ ಕಡಿಮೆ ಬಂದರೆ ಕೆಮ್ಮಿಗೆ ಸಹಾಯ ಬೇಕಂತೆ. ಇವನದು ಅದಕ್ಕಿಂತ ಕೆಳಗಿತ್ತು. ಗಾಳಿ ಎಳೆದುಕೊಳ್ಳುವ, ಹೊರಗೆ ದಬ್ಬುವ ಸ್ನಾಯುಗಳಿಗೇ ಬಲ ಸಾಲದು, ಅದೇ ಮೂಲ.

ಫಿಸಿಯೋ ಆಂಬು ಬ್ಯಾಗ್ (ಕೈಯಲ್ಲಿ ಹಿಂಡಿ ಗಾಳಿ ತುಂಬುವ ಚೀಲ) ಬಳಸಲು ಕಲಿಸಿದರು. ಗಾಳಿ ವಾಪಸ್ ಹೋಗದ ಹಾಗೆ ನಡುವೆ ಒಂದು ವಾಲ್ವ್ ಇರುತ್ತದೆ. ಉಸಿರು ಬಿಡದೆ ಒಂದರ ಮೇಲೊಂದು ಎರಡು ಮೂರು ಸಲ ಗಾಳಿ ತುಂಬಬೇಕು. ಎದೆ ತುಂಬಿದ ಮೇಲೆ ಅವನು ಕೆಮ್ಮುತ್ತಾನೆ, ಅದೇ ಕ್ಷಣಕ್ಕೆ ನಾನು ಹೊಟ್ಟೆಯ ಮೇಲ್ಭಾಗ ಒತ್ತಬೇಕು. ಊಟವಾದ ತಕ್ಷಣ ಮಾತ್ರ ಬೇಡ. ಟೈಮಿಂಗ್ ಕೂಡಿಬರುವುದೇ ಕಷ್ಟ. "ಅಮ್ಮಾ, ಲೇಟು!" ಎಂದು ದಿನಾ ಬೈಸಿಕೊಳ್ಳುತ್ತೇನೆ. ಕೆಮ್ಮಲು ನೆರವಾಗುವ ಕಾಫ್ ಅಸಿಸ್ಟ್ ಮೆಷಿನ್ ತುಂಬಾ ದುಬಾರಿ, ಬಾಡಿಗೆಗೆ ವಿಚಾರಿಸುತ್ತಿದ್ದೇವೆ.

ಅವನಿಗೆ ಬೆಳಗ್ಗೆ ಎದ್ದಾಗ ಬರುತ್ತಿದ್ದ ತಲೆನೋವಿಗೂ ಕಾರಣ ಸಿಕ್ಕಿತು. ನಿದ್ದೆಯಲ್ಲಿ ಉಸಿರು ಸಾಲದೆ ಕಾರ್ಬನ್ ಡೈಆಕ್ಸೈಡ್ ಏರುತ್ತಿತ್ತು. ಇಂಥವರಿಗೆ ಸುಮ್ನೆ ಆಕ್ಸಿಜನ್ ಮಾತ್ರ ಕೊಟ್ಟರೆ ಅಪಾಯವೂ ಆಗಬಹುದು ಎಂದು ರಾತ್ರಿಗೆ ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಮೆಷಿನ್) ಹಾಕಿದ್ದಾರೆ. ತಲೆನೋವು ಕಡಿಮೆಯಾಗಿದೆ. ಆದರೆ ಮಾಸ್ಕ್ ಉಜ್ಜಿ ಮೂಗಿನ ಮೇಲೆ ಗಾಯವಾಗುತ್ತಿದೆ. ನಿಮ್ಮ ಮಕ್ಕಳಿಗೆ ಯಾವ ತರಹದ ಮಾಸ್ಕ್ ಒಗ್ಗಿತು, ಹೇಳ್ತೀರಾ?