ಎಥೆನಾಲ್ ಮಿಶ್ರಣದಿಂದ ಪೆಟ್ರೋಲ್ ಅವಲಂಬನೆ ತಗ್ಗೀತೇ?

ಪ್ರಶ್ನೆ: ಪೆಟ್ರೋಲಿಗೆ ಎಥೆನಾಲ್ ಬೆರೆಸುವುದನ್ನು ಸರ್ಕಾರ ಕಡ್ಡಾಯಗೊಳಿಸಿದ ಮಾತ್ರಕ್ಕೆ ತೈಲದ ಮೇಲಿನ ಅವಲಂಬನೆ ನಿಜವಾಗಿಯೂ ಕಡಿಮೆಯಾಗುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1: ಬ್ರೆಜಿಲ್ 1975ರಲ್ಲೇ ಕಬ್ಬಿನ ಎಥೆನಾಲ್‌ಗೆ ಪ್ರೋತ್ಸಾಹ ನೀಡತೊಡಗಿತು. ಆದರೆ 1980ರ ದಶಕದ ಕೊನೆಯಲ್ಲಿ ತೈಲ ಅಗ್ಗವಾಗಿ, ಕಬ್ಬು ಸಕ್ಕರೆ ತಯಾರಿಕೆಯತ್ತ ಹೊರಳಿದಾಗ, ಎಥೆನಾಲ್‌ನಿಂದಷ್ಟೇ ಓಡುವ ಕಾರುಗಳನ್ನು ಕೊಂಡವರು ಇಂಧನ ಸಿಗದೆ ಪರದಾಡಿದರು. ಎರಡೂ ಇಂಧನಗಳನ್ನು ಬಳಸಬಲ್ಲ ಫ್ಲೆಕ್ಸ್ ಫ್ಯೂಯೆಲ್ ಕಾರುಗಳು 2003ರಲ್ಲಿ ಬಂದ ಮೇಲೆಯೇ ನಂಬಿಕೆ ಮರಳಿತು. ಗ್ರಾಹಕರಿಗೆ ಆಯ್ಕೆ ಕೊಡದ ನೀತಿ ಬಾಳುವುದಿಲ್ಲವೆಂದೇ ನನ್ನ ದೃಢ ಅಭಿಪ್ರಾಯ.

ಉತ್ತರ 2: ಒಪ್ಪುತ್ತೇನೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಮಾತ್ರವಾದ್ದರಿಂದ, ತೆರಿಗೆಯನ್ನು ಲೀಟರಿನ ಬದಲು ಶಕ್ತಿಯ ಲೆಕ್ಕದಲ್ಲಿ ವಿಧಿಸುವುದು ನ್ಯಾಯ.

ಉತ್ತರ 3: ನಗರದ ಬಸ್ಸುಗಳಿಗಂತೂ ವಿದ್ಯುತ್ತೇ ಲೇಸು, ರಾತ್ರಿ ಡಿಪೊಗೆ ಮರಳುವ ಅವುಗಳಿಗೆ ಅಲ್ಲಿಯೇ ಚಾರ್ಜಿಂಗ್ ವ್ಯವಸ್ಥೆ ಮಾಡಬಹುದು.